ಅಪ್ಪನ ಎಡೆಯ ಗ್ಲಾಸು

ಬೆಂಚು ಎಷ್ಟು ಗಿಡ್ಡ, ಎರಡನೇ ಕ್ಲಾಸಿನ ಮಕ್ಕಳದ್ದಿರಬೇಕು, ಮಂಡಿ ಎದೆಗೇ ಬರುತ್ತಿದೆ, ಎದುರು ಗೋಡೆಯ ಮೇಲೆ ಮರಾಠಿ ಅಕ್ಷರಮಾಲೆ, ಅನಾನಸಿನ ಚಿತ್ರ, ಸುತ್ತಲೂ ಗೋಡೆಗುಂಟ ಹನ್ನೊಂದು ಜನ ಕೂತಿದ್ದಾರೆ, ಹನ್ನೆರಡನೆಯವನು ಸಿದ್ದೇಶ — ಥೂ, ನಲವತ್ತೊಂಬತ್ತನೇ ವಯಸ್ಸಿಗೆ, ಇಪ್ಪತ್ತೆರಡು ವರ್ಷ ಗೂಡ್ಸ್ ಗಾಡಿ ಓಡಿಸಿದವನಿಗೆ, ಮತ್ತೆ ಎರಡನೇ ಕ್ಲಾಸು. ಬಾಗಿಲು ಎಡಕ್ಕಿದೆ, ನಾಲ್ಕೇ ಹೆಜ್ಜೆ, ಎದ್ದು ಹೋಗಿಬಿಡಬಹುದು, ಆದರೆ ಬಾಗಿಲಾಚೆ ಜಗಲಿಕಟ್ಟೆಯ ಮೇಲೆ ಪೂರ್ವಿ ಕೂತಿದ್ದಾಳೆ, ಸ್ಕೂಟರಿನ ಕೀ ಆಡಿಸುತ್ತಾ, ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಿಂದ ಸದರ್‌ವರೆಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಬಂದ ಮಗಳು, ಕುಡಿತ ಬಿಡುವವರು ಸೇರುವ ಈ ಜಾಗ ಮೊಬೈಲಿನಲ್ಲಿ ಹುಡುಕಿದವಳೂ ಅವಳೇ, ಫೋನ್ ಮಾಡಿ ಮರಾಠಿಯಲ್ಲಿ ವಿಚಾರಿಸಿದವಳೂ ಅವಳೇ, ಪೂರಾ ಹೆಸರು ಹೇಳಬೇಕಿಲ್ಲವಂತೆ ಪಪ್ಪಾ, ಬಸ್ ಜಾಕೇ ಬೈಠನಾ ಹೈ, ಹೋಗಿ ಕೂತರಾಯಿತು, ಅಷ್ಟೇ. ಅಷ್ಟೇ ಅಂತೆ! ಕೂತು ನೋಡಲಿ ಗೊತ್ತಾಗುತ್ತದೆ. ನಾಳೆ ಬೆಳಿಗ್ಗೆ ಆರಕ್ಕೆ ಡ್ಯೂಟಿ, ಲಾಬಿಯಲ್ಲಿ ಸಹಿ ಹಾಕುವ ಮೊದಲು ಕುಡಿದಿದ್ದಾರೋ ಅಂತ ನೋಡುವ ಆ ಮಷೀನಿನ ಕೊಳವೆಗೆ ಊದಬೇಕು, ಎರಡು ತಿಂಗಳ ಹಿಂದೆ ಊದಿದಾಗ ಕೆಂಪು ದೀಪ ಹತ್ತಿ ಕೀಂಯ್ ಅಂದಿತ್ತು, ಸರದಿಯಲ್ಲಿ ನಿಂತವರೆಲ್ಲ ಕತ್ತು ಚಾಚಿದ್ದರು, ಸಾಹೇಬರು ಹೇಳಿಯೇಬಿಟ್ಟಿದ್ದಾರೆ, ಸಿದ್ದೇಶ್, ದೂಸ್ರೀ ಬಾರ್ ಪಕಡೇ ಗಯೇ ತೋ ನೌಕ್ರಿ ಗಯೀ, ಇನ್ನೊಂದು ಸಲ ಸಿಕ್ಕಿಬಿದ್ದರೆ ಕೆಲಸವೇ ಹೋಯಿತು, ಸಮ್ಝೇ? ಸಮ್ಝಾ ಸಾಬ್. ಸಮ್ಝಾ ಅಂದವನು ಅವತ್ತು ಸಂಜೆ ಹೆಂಡತಿ ವಿಮಲಾಳ ಎದುರು ಮಗಳ ತಲೆ ಮುಟ್ಟಿ ಆಣೆ ಮಾಡಿದ, ನಾಲ್ಕನೇ ದಿನಕ್ಕೆ ಬೀರುವಿನ ಹಿಂದೆ ಕ್ವಾರ್ಟರ್ ಬಾಟಲಿ ಬಂದು ಕೂತಿತು.

ಮೊದಲು ಮಾತಾಡಿದವನು ಪ್ರವೀಣ್ ಅಂತೆ, ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮೈಂ ಪ್ರವೀಣ್, ಶರಾಬೀ ಹೂಂ, ಆರು ವರ್ಷದಿಂದ ಕುಡಿತ ಬಂದ್ — ಕುಡುಕ ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ಟ ಪುಣ್ಯಾತ್ಮ, ಎಲ್ಲರೂ ಚಪ್ಪಾಳೆ ತಟ್ಟಿದರು, ಸರದಿ ಬಲಗಡೆಯಿಂದ ಬರುತ್ತಿದೆ, ಇನ್ನು ಮೂವರು, ಸಿದ್ದೇಶ ಬಾಯೊಳಗೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಾನೆ, ದೋ ಮಹೀನೇ ಸೇ ಬಂದ್ ಹೈ, ದೋ ಮಹೀನೇ, ಎರಡು ತಿಂಗಳಿಂದ ಬಿಟ್ಟಿದ್ದೇನೆ, ಇಷ್ಟು ಹೇಳಿದರೆ ಚಪ್ಪಾಳೆ ಬೀಳುತ್ತದೆ, ಮನೆಗೆ ಹೋಗಬಹುದು. ಚಹಾ ಘ್ಯಾ ಭಾವು, ಒಬ್ಬ ಹೆಂಗಸು ಟ್ರೇ ಹಿಡಿದಳು, ಹಾಲು ಒಡೆದುಹೋಯಿತಂತೆ, ಕಾಳಾ ಚಹಾ. ಕರೀ ಚಹಾ, ಅಯ್ಯೋ ಶಿವನೇ, ಇವಳಿಗೆ ಹೇಗೆ ಗೊತ್ತಾಯಿತು — ಯಾರಿಗೂ ಗೊತ್ತಿಲ್ಲ ಕಣೋ, ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೊನ್ನೆ ಪಿತೃಪಕ್ಷದ ಅಮಾವಾಸ್ಯೆ, ಹಿರಿಯರಿಗೆ ಎಡೆ, ಅಪ್ಪನ ಫೋಟೋ, ಬಾಳೆಲೆ, ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ, ಒಂದು ಗ್ಲಾಸು ಬ್ರಾಂದಿ, ಇದ್ದಾಗ ಏನು ಇಷ್ಟವೋ ಅದನ್ನೇ ಇಡಬೇಕು, ನಾಗಪುರಕ್ಕೆ ಬಂದರೇನು, ಮಂಡ್ಯದ ಪದ್ಧತಿ ಬಿಡುವುದುಂಟೇ, ಈ ಸಲ ಅದೊಂದು ಬ್ಯಾಡ ಕಣ್ರೀ ಅಂದಳು ವಿಮಲಾ, ಸುಮ್ನಿರೇ, ಇಡದಿದ್ರೆ ಅಪ್ಪ ಮುನಿಸ್ಕಂಡು ಹೋಯ್ತಾನೆ ಅಂದವನು ಇವನೇ. ಎಡೆಯಿಟ್ಟು ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಬೇಕು, ಒಳಗೆ ಹಿರಿಯರು ಬಂದು ಉಣ್ಣುತ್ತಾರೆ, ಕೊನೆಗೆ ಹೊರಡುವವನು ಹಿರಿಮಗ, ಆ ಒಂದೇ ನಿಮಿಷ, ಕುಡಿದು ಕುಡಿದು ಹೊಟ್ಟೆ ಊದಿ ಐವತ್ತು ತುಂಬುವ ಮೊದಲೇ ಸತ್ತ ಅಪ್ಪನ ಕಣ್ಣೆದುರೇ ಗ್ಲಾಸು ಎತ್ತಿ ಗಟಗಟ ಕುಡಿದ, ಅಡಿಗೆಮನೆಯ ಪಾತ್ರೆಯಲ್ಲಿ ಬೆಳಗಿನ ಕರೀ ಚಹಾ ಉಳಿದಿತ್ತು, ಅದನ್ನೇ ಸುರಿದ, ಬಣ್ಣ ಬರೋಬರ್, ಬಾಗಿಲು ಹಾಕಿ ಹೊರಗೆ ಬಂದು ಕೈಮುಗಿದು ನಿಂತ.

ಆಮೇಲೆ ಒಳಗಿನ ಹಿರಿಯರಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆಗೆದರೆ ವಿಮಲಾಳ ಮುಖ ಅರಳಿಹೋಯಿತು, ನೋಡ್ರೀ, ನಿಮ್ಮಪ್ಪ ಗ್ಲಾಸು ಮುಟ್ಟೇ ಇಲ್ಲ, ತುಂಬಿದ್ದು ತುಂಬಿದಂಗೈತೆ, ಅವ್ರೂ ಬಿಟ್ಬುಟ್ರು, ಅವಳ ಕಣ್ಣಲ್ಲಿ ನೀರು, ಪಾಪ, ಇನ್ನು ಯಾರೂ ಕುಡಿಯೋದು ಬ್ಯಾಡ, ಪೂರ್ವಿ, ಇದನ್ನ ಬೇವಿನ ಬುಡಕ್ಕೆ ಹಾಕ್ಬುಟ್ಟು ಬಾ ಮಗಾ. ಗ್ಲಾಸು ಬಗ್ಗಿಸುವಾಗ ಅಂಗೈ ಮೇಲೆ ಚೆಲ್ಲಿತು, ಪೂರ್ವಿ ಮೂಸಿದಳು, ನಾಲಿಗೆಗೆ ಮುಟ್ಟಿಸಿದಳು, ತಿರುಗಿ ಅಪ್ಪನನ್ನು ನೋಡಿದಳು, ಅಮ್ಮನಿಗೆ ಹೇಳಲಿಲ್ಲ, ಒದ್ದೆ ಅಂಗೈ ಹಾಗೇ ಚಾಚಿಕೊಂಡು ನಿಂತಳು, ಅಂದು ಸಂಜೆಯೇ ಮೊಬೈಲು ಹಿಡಿದು ಈ ಜಾಗ ಹುಡುಕಿದಳು. ಬೈದಿದ್ದರೆ ಆಗುತ್ತಿತ್ತು, ಅತ್ತಿದ್ದರೂ ಆಗುತ್ತಿತ್ತು, ಆ ಅಂಗೈ — ಬೋಲೋ ಭಾವು, ಕಬ್ ಸೇ ಬಂದ್ ಹೈ? ಎಂದಿನಿಂದ ಬಿಟ್ಟಿದ್ದೀಯ ಅಂತ ಪ್ರವೀಣ್ ಕೇಳುತ್ತಿದ್ದಾನೆ, ಸರದಿ ಬಂದೇಬಿಟ್ಟಿದೆ, ಎಲ್ಲರೂ ಇವನನ್ನೇ ನೋಡುತ್ತಿದ್ದಾರೆ, ಎಂಜಿನ್ನಿನ ಸದ್ದು ಮೀರಿಸಿ ಜೊತೆಗಾರನಿಗೆ ಸಿಗ್ನಲ್ಲು ಕೂಗಿ ಹೇಳುವವನು ಈಗ ಪಿಸುಗುಡುತ್ತಿದ್ದಾನೆ, ದೋ, ದೋ ಮಹೀ, ಹೇಳಿಬಿಡೋ, ಇನ್ನೊಂದೇ ಶಬ್ದ, ಚಪ್ಪಾಳೆ ಬೀಳುತ್ತದೆ — ನಮ್ಮಪ್ಪನ ಎಡೆ ಗ್ಲಾಸ ನಾನೇ ಕುಡ್ದೆ, ಮೊನ್ನೆ, ನಿನ್ನೆನೂ ಕುಡ್ದೆ, ಬಿಡಕ್ಕಾಯ್ತಿಲ್ಲ ನಂಗೆ. ಕನ್ನಡದಲ್ಲೇ ಬಂದುಬಿಟ್ಟಿತು, ಹನ್ನೊಂದು ಜನರಲ್ಲಿ ಒಬ್ಬರಿಗೂ ತಿಳಿದಿಲ್ಲ, ಮಾತು ತಿಳಿಯದಿದ್ದರೂ ಪ್ರವೀಣ್ ಮಾತ್ರ ಮೆಲ್ಲಗೆ ತಲೆಯಾಡಿಸುತ್ತಿದ್ದಾನೆ, ಯಾರೂ ಚಪ್ಪಾಳೆ ತಟ್ಟಲಿಲ್ಲ, ಜಗಲಿಯಲ್ಲಿ ಕೀಯ ಸದ್ದು ನಿಂತಿದೆ, ತಿಳಿದವಳು ಒಬ್ಬಳೇ, ಎದ್ದು ಬಾಗಿಲಿಗೆ ಬಂದಿದ್ದಾಳೆ, ಅವಳ ಮುಖ ನೋಡಬೇಕು, ಒಂದು ಸಲ ನೋಡಬೇಕು, ಆಗುತ್ತಿಲ್ಲ, ಕಾಣುವುದು ಅಂಗೈ, ಮೊನ್ನೆ ಚಹಾದಲ್ಲಿ ಒದ್ದೆಯಾದ ಅಂಗೈ, ಇನ್ನೂ ಒರೆಸಿಕೊಳ್ಳದ ಅಂಗೈ —