ಹದಿನೆಂಟು ಇಂಚಿನ ಬಂಡೆ

ದರ್ಜಿ ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ತೀರಿಕೊಂಡ. ಆ ಭಾನುವಾರ ಅವನು ತನ್ನ ಅಕ್ಕನನ್ನು ದ್ವೀಪಕ್ಕೆ ಕರೆದೊಯ್ಯಬೇಕಿತ್ತು.

ಎದುರು ಬಂದವರ ಮುಖಕ್ಕಿಂತ ಮೊದಲು ಅವರ ಹೆಗಲು ನೋಡುತ್ತಿದ್ದ. ಕೊರಳಿನ ಟೇಪು ತೆಗೆಯದೆಯೇ ಆಸ್ಪತ್ರೆಗೂ ಹೋಗುತ್ತಿದ್ದ. ಇಕ್ಕಟ್ಟಿನ ಬಾಗಿಲಲ್ಲಿ ನುಸುಳುವವನಂತೆ ಸದಾ ಒಂದು ಹೆಗಲು ಮುಂದೆ ಮಾಡಿ ನಡೆಯುತ್ತಿದ್ದ. ಅಳತೆ ತೆಗೆಯದೆ ಯಾರಿಗೂ ಮಾತು ಕೊಟ್ಟವನಲ್ಲ.

ಮೆಟ್ಟಿಲಲ್ಲಿ ಜಾರಿ ಮಂಡಿ ಮುರಿದುಕೊಂಡ ಅಕ್ಕ ಎರಡು ವರ್ಷದಿಂದ ಮಹಡಿ ಇಳಿದಿರಲಿಲ್ಲ. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಕಿಟಕಿಯಿಂದ ಕಾಣುವ ಕರಿಬಂಡೆಗಳ ದ್ವೀಪವನ್ನು ಒಮ್ಮೆ ಹತ್ತಿರದಿಂದ ನೋಡಬೇಕು ಎಂದು ಅವಳು ಅಂದದ್ದೇ ತಡ, ಮರುದಿನ ದರ್ಜಿ ಅಂಗಡಿಗೆ ಬೀಗ ಜಡಿದು ಒಬ್ಬನೇ ದೋಣಿ ಹತ್ತಿದ. ಸಂಜೆ ಬಿರುಬಿಸಿಲಿಗೆ ಮೂಗು ಸುಲಿದು, ಕೇದಗೆಯ ಮುಳ್ಳಿಗೆ ತೋಳು ಗೀರಿಕೊಂಡು ಬಂದ. ಬಟ್ಟೆಯ ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಇಡೀ ದಿನವನ್ನು ಬರೆದ, ಅದೂ ಹಿಂದುಮುಂದಾಗಿ: ಮೊದಲು ನಾಲ್ಕು ಗಂಟೆಯ ಕೊನೆಯ ದೋಣಿ, ಆಮೇಲೆ ಉಬ್ಬರ ಏರುವ ಹೊತ್ತು, ನೆರಳಿರುವ ಜಾಗ, ಕಲ್ಲುದಾರಿ, ಕೊನೆಗೆ ಮನೆಯ ಮೆಟ್ಟಿಲು. ಎಲ್ಲ ಸರಿಹೋಯಿತು, ದಾರಿಗೆ ಅಡ್ಡವಾದ ಒಂದು ಬಂಡೆಯ ಹೊರತು. ಅದರ ಎತ್ತರ ಹದಿನೆಂಟು ಇಂಚು. ಅಕ್ಕನ ಕಾಲು ಏಳುತ್ತಿದ್ದುದು ಏಳೇ ಇಂಚು.

ಅಂದಿನಿಂದ ಅಕ್ಕ ಹತ್ತಿ ರೂಢಿಸಿಕೊಳ್ಳಲೆಂದು ಅವಳ ಕೋಣೆಯಲ್ಲಿ ಹಲಗೆಯ ಮೇಲೆ ಹಲಗೆ ಬಿತ್ತು, ವಾರಕ್ಕೊಂದು ಇಂಚು. ಗೆಳೆಯರಾದ ನಾವು ನಗುತ್ತಿದ್ದೆವು. ಅಕ್ಕನೂ ರೇಗಿಸಿದಳು: "ಏನೋ ಇದು, ನನಗೆ ದ್ವೀಪಾನ ಹೊಲಿದು ಕೊಡ್ತೀಯಾ?"

"ದ್ವೀಪ ಗಿಡ್ಡ ಮಾಡೋಕಾಗಲ್ಲ ಅಕ್ಕ. ನಿನ್ನನ್ನೇ ಒಂಚೂರು ಉದ್ದ ಮಾಡ್ತಿದೀನಿ."

ನಾವು ಸುಮ್ಮನೆ ಆಡಿದ ಮಾತನ್ನು ನಿಜವೆಂದೇ ಹಿಡಿದು ಕೆಲಸಕ್ಕಿಳಿಯುವವರು ಎಲ್ಲ ಬೀದಿಗಳಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ಎಷ್ಟೋ ದಿನಗಳು ಅವರು ಕೊಟ್ಟದ್ದೆಂದು ನಮಗೆ ಹೊಳೆಯುವುದು ತಡವಾಗಿ. ಬರುವ ಭಾನುವಾರ ಅಕ್ಕ ಆ ಕಾಗದ ಹಿಡಿದು ಹೊರಡುತ್ತಿದ್ದಾಳೆ, ಜೊತೆಗೆ ನಾವಿದ್ದೇವೆ.

ಅವನು ತೀರಿಕೊಳ್ಳುವ ಹಿಂದಿನ ಸಂಜೆ ಹಲಗೆಗಳು ಹದಿನೆಂಟು ಇಂಚಿಗೆ ಬಂದಿದ್ದವು. ಹನ್ನೊಂದು ವಾರ ಅಕ್ಕನ ಮೊಣಕೈ ಹಿಡಿದಿದ್ದವನು ಅಂದು ಬಿಟ್ಟುಬಿಟ್ಟ. ಗೋಡೆಯ ಬಳಿ ಹೋಗಿ, ಅವಳಿಗೆ ಬೆನ್ನು ಮಾಡಿ ನಿಂತ.

"ಹಿಡ್ಕೊಳೋ," ಎಂದಳು ಅಕ್ಕ.

ಅವನು ತಿರುಗಲಿಲ್ಲ. ಹಲಗೆಯ ಮೇಲೆ ಅವಳ ಎರಡನೆಯ ಪಾದದ ಸದ್ದು ಕೇಳುವವರೆಗೂ ಸೂಜಿಗೆ ದಾರ ಪೋಣಿಸುತ್ತಲೇ ಇದ್ದ.