ಪಕ್ಕದ ಬಾಂಡ್ಲಿ

ದೊಡ್ಡಮಾದಮ್ಮ ಮದುವೆಯಾಗಿ ಬಂದಾಗಿನಿಂದ ಪುಟ್ಟಬಸಮ್ಮನ ಚರಕದ ಕೊಟ್ಟಿಗೆಯಲ್ಲೇ ರೇಷ್ಮೆಗೂಡು ಬೇಯಿಸಿ ನೂಲು ತೆಗೆದವಳು. ಮಧ್ಯಾಹ್ನ ಹಿತ್ತಿಲಲ್ಲಿ ಮುದ್ದೆ, ದೀಪಾವಳಿಗೊಂದು ಸೀರೆ. ಕುಡಿಯುವ ನೀರನ್ನು ಮಾತ್ರ ಪುಟ್ಟಬಸಮ್ಮ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದಳು. ಒಂದು ದಿನ ದೊಡ್ಡಮಾದಮ್ಮ ಕೆಲಸಕ್ಕೆ ಬಾರದಿದ್ದರೆ ಅವಳ ಕೇರಿಯ ಹೊರಗೇ ನಿಂತು, "ಸತ್ತೋಗ್ಬುಟ್ಟ್ಯಾ ಅಮ್ಮಿ? ಬಾ ಈಚ್ಗೆ" ಎಂದು ಕೂಗುತ್ತಿದ್ದಳು.

ಊರಿನವರು ಮೊದಲ ಸಲ ಓಟು ಹಾಕಿದ ಮಾರನೆಯ ವರ್ಷ, ಚಾಮರಾಜನಗರದ ಆಚೆ ಗುಂಡ್ಲುಪೇಟೆ ದಾರಿಯಲ್ಲಿ ಸಾಹುಕಾರನೊಬ್ಬ ರೇಷ್ಮೆ ಗಿರಣಿ ಹಾಕಿದ. ಅಲ್ಲಿ ವಾರವಾರ ಕೂಲಿ ಕೈಗೇ ಸಿಗುತ್ತಿತ್ತು. ದೊಡ್ಡಮಾದಮ್ಮ ಯಾರಿಗೂ ಹೇಳದೆ ಹೋಗಿ ಸೇರಿಕೊಂಡಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹೋದರು. ವ್ಯಾಪಾರಿಗಳಿಗೂ ಗಿರಣಿಯ ನೂಲೇ ಬೇಕಾಯಿತು. ವಿಧವೆ ಪುಟ್ಟಬಸಮ್ಮನಿಗೆ ಭಾಗದಲ್ಲಿ ಬಂದದ್ದು ಆ ಕೊಟ್ಟಿಗೆಯೊಂದೇ. ಚರಕಗಳು ನಿಂತುಹೋದವು.

ಒಂದು ಬೆಳಿಗ್ಗೆ ಅವಳೇ ಗಿರಣಿಗೆ ಬಂದಳು. ಮೇಸ್ತ್ರಿ ಗಂಗಾಧರಸ್ವಾಮಿ ಗೂಡು ಬೇಯುವ ಬಾಂಡ್ಲಿಗಳ ಸಾಲಿನಲ್ಲಿ ದೊಡ್ಡಮಾದಮ್ಮನ ಪಕ್ಕದ ಬಾಂಡ್ಲಿ ತೋರಿಸಿದ. ಪುಟ್ಟಬಸಮ್ಮ ಸೆರಗು ಬಿಗಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಕುಳಿತಳು. ಬಿಸಿನೀರಿಗೆ ಇಬ್ಬರ ಬೆರಳೂ ಒಂದೇ ಥರ ಬಿಳಿಚಿಕೊಂಡವು. "ಪುಟ್ಟಬಸಮ್ಮ, ಕೈ ಬಿರ್‍ರನೆ ಆಡ್ಲಿ!" ಎಂದು ಮೇಸ್ತ್ರಿ ಗದರಿದಾಗ ದೊಡ್ಡಮಾದಮ್ಮನಿಗೆ ಒಳಗೊಳಗೇ ಹಿಗ್ಗಾಯಿತು. ದಿನಾ ಕೇಳಿ ಕೇಳಿ ಆ ಹಿಗ್ಗೂ ಇಳಿಯಿತು. ಸಂಜೆಗೆ ಬೆನ್ನುನೋವೊಂದೇ ಉಳಿಯುತ್ತಿತ್ತು.

ಕಾರ್ತಿಕದಲ್ಲಿ ದೊಡ್ಡಮಾದಮ್ಮನಿಗೆ ಚಳಿಜ್ವರ ಬಂತು. ಮಲಗಿದ್ದಷ್ಟು ದಿನವೂ ಯಾರೂ ಕೂಗಲು ಬರಲಿಲ್ಲ. ಜ್ವರ ಬಿಟ್ಟ ಮೇಲೆ ಗಿರಣಿಗೆ ಹೋದರೆ ಅವಳ ಮಣೆಯ ಮೇಲೆ ಬೇರೊಬ್ಬಳು ಕುಳಿತಿದ್ದಳು.

"ನಿನ್ ಜಾಗ ಓಯ್ತು ಕಣಮ್ಮಿ. ಗೇಟ್ ತಾವು ಕಾಯಿ, ಯಾರಾರ ಬರ್ದಿದ್ರೆ ಕರೀತೀನಿ," ಎಂದ ಮೇಸ್ತ್ರಿ.

ಪುಟ್ಟಬಸಮ್ಮ ನೂಲು ಬಿಟ್ಟು ಎದ್ದಳು. "ಜ್ವರ ಬಂದು ಬಿದ್ದಿದ್ಲು ಕಣಪ್ಪ. ಇವ್ಳು ನಮ್ಮೋಳು. ಕೂರಿಸ್ಕೊ."

"ಇಲ್ಲಿ ನಮ್ಮೋರು ನಿಮ್ಮೋರು ಯಾರೂ ಇಲ್ಲ. ಕೂತ್ಕಳಿ, ಇಲ್ದಿದ್ರೆ ನೀವೂ ಗೇಟ್ ತಾವ್ಕೆ ಓಗಿ."

ಪುಟ್ಟಬಸಮ್ಮ ತಲೆ ತಗ್ಗಿಸಿ ಕುಳಿತಳು.

ಸಂಜೆ ಗಿರಣಿ ಬಿಟ್ಟಾಗ ದೊಡ್ಡಮಾದಮ್ಮ ಗೇಟಿನ ಪಕ್ಕದ ಮಣ್ಣಲ್ಲೇ ಕುಳಿತಿದ್ದಳು. ಪುಟ್ಟಬಸಮ್ಮ ಎದುರು ಬಂದು ನಿಂತಳು.

"ನಮ್ಮಟ್ಟಿ ಕೊಟ್ಟಿಗೇಲೇ ಇದ್ದಿದ್ರೆ ಇಂಗಾಯ್ತಿತ್ತಾ ಅಮ್ಮಿ?"

"ಇಲ್ಲ ಅವ್ವಾರೆ. ಜ್ವರ ಇದ್ರೂ ಎಬ್ಬಿಸ್ಕೊಂಡು ಓಯ್ತಿದ್ರಿ."

ದೊಡ್ಡಮಾದಮ್ಮನಿಗೆ ಕೋಪ ಮಾಡಿಕೊಳ್ಳುವ ತ್ರಾಣವೂ ಇರಲಿಲ್ಲ. "ನನ್ಗೋಸ್ಕರ ಕೇಳಿದ್ರಿ, ಒಳ್ಳೇದಾಯ್ತು. ಆದ್ರೆ ನಮ್ಮೋಳು ಅನ್ಬ್ಯಾಡಿ. ಪಕ್ದಲ್ಲಿ ಕೆಲ್ಸ ಮಾಡೋಳು ಅನ್ನಿ, ಸಾಕು," ಎಂದಳು.

ಪುಟ್ಟಬಸಮ್ಮ, "ಏಳು, ಒತ್ತಾಯ್ತು, ಓಗನ" ಎಂದಳು. ಇಬ್ಬರೂ ಊರ ದಾರಿ ಹಿಡಿದರು. ಮೊದಲಿನಿಂದ ಇದ್ದ ಅಂತರ ಆ ದಾರಿಯಲ್ಲೂ ಇತ್ತು. ಪುಟ್ಟಬಸಮ್ಮ ಮುಂದೆ, ದೊಡ್ಡಮಾದಮ್ಮ ಹಿಂದೆ. ಆದರೆ ಹಿಂದಿನವಳು ಸುಸ್ತಾಗಿ ನಿಂತಾಗಲೆಲ್ಲ ಮುಂದಿನವಳೂ ನಿಂತಳು.

ಆಮೇಲೆ ದೊಡ್ಡಮಾದಮ್ಮ ದಿನವೂ ಗೇಟಿನಲ್ಲಿ ಕಾದಳು. ಕೆಲವು ದಿನ ಕರೆದರು, ಕೆಲವು ದಿನ ಇಲ್ಲ. ಪುಟ್ಟಬಸಮ್ಮ ಒಳಗೆ ಹೋಗುವಾಗ ಮೇಸ್ತ್ರಿಗೆ, "ದೊಡ್ಡಮಾದಮ್ಮ ಬಂದವ್ಳೆ, ನೋಡಪ್ಪ" ಎಂದು ಹೇಳಿಯೇ ಹೋಗುತ್ತಿದ್ದಳು. ಅವನು ಹೂಂ ಎನ್ನುತ್ತಲೂ ಇರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಲೆಯ ಪಕ್ಕದ ಬಾಂಡ್ಲಿಯವಳು ಸೆಕೆ ತಾಳಲಾರದೆ ಬಿಟ್ಟುಹೋದಳು. ಅಲ್ಲಿ ಕೂರಲು ಬೇರೆ ಯಾರೂ ಒಪ್ಪಲಿಲ್ಲ. ದೊಡ್ಡಮಾದಮ್ಮ ಒಪ್ಪಿದಳು.