ಅಧಿಕಾರದ ಫಾರಂ, ಪ್ರೇಮದ ಫಾರಂ

ನಮ್ಮಣ್ಣ ಅವನ ಪ್ರೆಸ್ಸಿನಲ್ಲಿ ಚಕ್ರವರ್ತಿ. ಅವನ ಚಪ್ಪಲಿ ಸದ್ದು ಕೇಳಿದರೆ ಮಷಿನ್ನೂ ಮೈ ಮುದುಡಿಕೊಂಡು ಓಡುತ್ತಿತ್ತು. ಅಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಬೈಂಡರನ್ನು ಪ್ರೀತಿಸುವುದು ಸಂಬಳವಿಲ್ಲದ ಕೆಲಸ. ಮದುವೆಯ ಮಾತನ್ನು ಅಣ್ಣನ ಮುಂದೆ ಎತ್ತಲು ಇಬ್ಬರಿಗೂ ಧೈರ್ಯವಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಅಷ್ಟರಲ್ಲಿ ಬಂತು ಮೇಷ್ಟ್ರ ಪುಸ್ತಕ. ಎಂದೋ ತೀರಿಹೋದ ಇಂಗ್ಲಿಷ್ ಕವಿಯೊಬ್ಬನನ್ನು ಈ ನಿವೃತ್ತ ಮೇಷ್ಟ್ರು ವರ್ಷಗಟ್ಟಲೆ ಕೂತು ಕನ್ನಡಕ್ಕೆ ತಂದಿದ್ದರು. ಮೊದಲರ್ಧ ಅಧಿಕಾರ, ಉಳಿದರ್ಧ ಪ್ರೇಮ. ಮನುಷ್ಯ ಸ್ವಭಾವದ ಬಗ್ಗೆ ಏನೂ ಬರೆದಿಲ್ಲವೇ ಎಂದು ಕೇಳಿದೆ. "ಅದು ಇವೆರಡರ ಮಧ್ಯೆ ಸಿಕ್ಕಿಹಾಕ್ಕೊಂಡಿದೆ ಕಣಮ್ಮ" ಎಂದರು.

ಬಿಡುಗಡೆಯ ಹಿಂದಿನ ದಿನ ಕೈ ಸಾಲದೆ ಅಣ್ಣ ನನ್ನನ್ನೂ ಬೈಂಡಿಂಗಿಗೆ ಕೂರಿಸಿದ. ಅಚ್ಚಾಗಿ ಮಡಿಸಿದ ಹಾಳೆಗಳ ಕಟ್ಟಿಗೆ ನಾವು ಫಾರಂ ಅನ್ನುತ್ತೇವೆ. ಅಧಿಕಾರದ ಫಾರಂಗಳು ಬೈಂಡರನ ಪಕ್ಕ, ಪ್ರೇಮದವು ನನ್ನ ಪಕ್ಕ. ಅವನದೆಲ್ಲ ಮೊದಲು ಇಟ್ಟು ಆಮೇಲೆ ನನ್ನದು ಇಡಬೇಕು. ಹಾಗೆ ಮಾಡಿದರೆ ಕೈಗೆ ಕೈ ತಗಲುವುದು ಪುಸ್ತಕಕ್ಕೆ ಒಂದೇ ಸಲ. ಇದ್ಯಾವ ನ್ಯಾಯ? ಅವನೊಂದು ಇಟ್ಟ, ನಾನೊಂದು ಇಟ್ಟೆ, ಮತ್ತೆ ಅವನೊಂದು. ಬೇಕೆಂದು ಮಾಡಿದ್ದಲ್ಲ, ಕೈಗಳೇ ಮಾತಾಡಿಕೊಂಡವು. ಅಲ್ಪವಿರಾಮ ತಪ್ಪಿದರೂ ಹಿಡಿಯುವ ನನ್ನ ಕಣ್ಣು ಆ ದಿನ ಪುಟಸಂಖ್ಯೆಯ ಮೇಲಿರಲಿಲ್ಲ. ಸುಖವೋ ಸುಖ.

ಸಮಾರಂಭದಲ್ಲಿ ಮೇಷ್ಟ್ರು ಒಂದು ಪುಟ ತೆರೆದು ಅಣ್ಣನ ಕೈಗೆ ಕೊಟ್ಟರು. ತಾನು ಅಚ್ಚು ಹಾಕಿದ್ದನ್ನು ಎಂದೂ ಓದದ ಅಣ್ಣ ಗಂಟಲು ಸರಿಮಾಡಿಕೊಂಡು ಗುಡುಗಿದ: "ಸಿಂಹಾಸನದಲ್ಲಿ ಕೂತವನು ಯಾರಿಗೂ ತಲೆಬಾಗುವುದಿಲ್ಲ. ಅವನು..." ಪುಟ ತಿರುವಿದ. "ಅವಳು ಕರೆದೊಡನೆ ಚಪ್ಪಲಿ ಮರೆತು ಓಡುತ್ತಾನೆ."

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮುಂದಿನ ಸಾಲಿನಲ್ಲಿದ್ದ ಅತ್ತಿಗೆ. ನನಗೂ ನಗು ಉಕ್ಕಿತು, ಆಮೇಲೆ ಫಾರಂ ಜೋಡಿಸಿದ್ದು ಯಾರೆಂದು ನೆನಪಾಯಿತು.

ಮುಗಿದ ಮೇಲೆ ಅಣ್ಣ ಹಿಂದಿನ ಕೋಣೆಯಲ್ಲಿ ಚಪ್ಪಲಿ ಕಳಚಿ ಕುರ್ಚಿಯಲ್ಲಿ ಕುಸಿದ. ನಮ್ಮಿಬ್ಬರನ್ನೂ ಕರೆಸಿದ.

"ನಿಮ್ಮಿಬ್ರಲ್ಲಿ ಯಾರು ಇದನ್ನ ಹೀಗೆ ಅದಲುಬದಲು ಜೋಡಿಸಿದ್ದು? ಅವರು ನಾಳೆಯಿಂದ ಪ್ರೆಸ್ಸಿಗೆ ಬರೋದು ಬೇಡ."

"ನಾನು" ಎಂದೆ.

"ನಾನು ಸಾರ್" ಎಂದ ಬೈಂಡರ್. "ಅವರದೇನೂ ತಪ್ಪಿಲ್ಲ."

"ಸುಳ್ಳು ಅಣ್ಣ, ನಾನೇ."

"ಅವರು ಮುಟ್ಟೇ ಇಲ್ಲ ಸಾರ್."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅಣ್ಣ ಕಂಡಿದ್ದ. ಕುಂಬಳಕಾಯಿ ನನ್ನದು ತನ್ನದು ಎಂದು ಜಗಳವಾಡುವವರನ್ನು ಕಂಡಿರಲಿಲ್ಲ. ಬೈಂಡರನ್ನು ನೋಡಿದ, ನನ್ನನ್ನು ನೋಡಿದ. ಪುಸ್ತಕ ತೆರೆದು ಅದನ್ನೂ ನೋಡಿದ.

"ರೀ, ಬನ್ನಿ ಇಲ್ಲಿ" ಹೊರಗಿನಿಂದ ಅತ್ತಿಗೆಯ ದನಿ.

ಅಣ್ಣ ಥಟ್ಟನೆ ಎದ್ದು ಬಾಗಿಲಿಗೆ ಹೋದ. ಅಲ್ಲಿ ನಿಂತು ಗದರಿದ: "ಮದುವೆ ಆಗೋತನಕ ನೀವಿಬ್ರೂ ಒಂದೇ ಮೇಜಲ್ಲಿ ಕೂತು ಕೆಲಸ ಮಾಡೋ ಹಾಗಿಲ್ಲ. ಗೊತ್ತಾಯ್ತಾ?"

ದಡದಡ ಹೊರಟೇಹೋದ. ಚಪ್ಪಲಿ ಕುರ್ಚಿಯಡಿಯಲ್ಲೇ ಇತ್ತು.